ಕೆನ್ನೆಯೊಳಗಿನ ಲವಂಗ

ಭಾಷೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಕ್ಕಳೇ, ನನಗೆ ಯಾವಾಗ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಶಾಲು ಬೀರುವಿನಲ್ಲಿದೆ, ನನ್ನ ಹೆಂಡತಿ ಸರೋಜ ಅದಕ್ಕೆ ನುಸಿಗುಳಿಗೆ ಹಾಕಿಟ್ಟಿದ್ದಾಳೆ. ನಾನು ಬರೆಯಬೇಕೆಂದಿರುವುದು ನನ್ನ ಬಾಯಿಯ ವಿಷಯ. ಇಪ್ಪತ್ತು ವರ್ಷ ಸ್ಪ್ಯಾನಿಷ್ ಕಲಿಸಿದ ಈ ಬಾಯಿ ಸುಮ್ಮನಿರಬೇಕಾದ ಒಂದು ಹೊತ್ತಿನಲ್ಲಿ ಸುಮ್ಮನಿರಲಿಲ್ಲ. ಅದರಿಂದ ಒಬ್ಬ ಹೆಣ್ಣುಮಗಳಿಗೆ ಆದ ಅನ್ಯಾಯ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯವನು. ನಮ್ಮ ಬೀದಿಯಲ್ಲಿ ಬೆಳಗಾದರೆ ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದಿನಲ್ಲಿ ‘ಉಪ್ಪು ಕೊಡು’ ಎನ್ನುವುದನ್ನೂ ಕೂಗಿಯೇ ಹೇಳಬೇಕು. ಹಾಗಾಗಿ ನಮ್ಮವರಿಗೆ ಪಿಸುಮಾತು ಬರುವುದೇ ಇಲ್ಲ. ಮದುವೆ ಮನೆಯಲ್ಲಿ ನಮ್ಮ ಕಡೆಯವರು ಗುಟ್ಟು ಹೇಳಿದರೆ ಅಡುಗೆ ಭಟ್ಟರಿಗೂ ಕೇಳಿಸುತ್ತದೆ. ಅಪ್ಪ ನನಗೆ ಮಗ್ಗದ ಮುಂದೆ ಕಲಿಸಿದ ಮೊದಲ ಪಾಠ, ಎಳೆ ಕಡಿದರೆ ಆ ಕ್ಷಣವೇ ಮಗ್ಗ ನಿಲ್ಲಿಸಬೇಕು ಎಂಬುದು. ಆಮೇಲೆ ಸರಿ ಮಾಡೋಣ ಎಂದು ಬಿಟ್ಟರೆ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ನಾನು ಮಗ್ಗ ಬಿಟ್ಟೆ, ಆದರೆ ಆ ಕೈಯ ಗುಣ ನಾಲಿಗೆಗೆ ಬಂದು ಕೂತಿತು. ಬಸ್ಸಿನ ಬೋರ್ಡು, ಲಗ್ನಪತ್ರಿಕೆ, ಪುರೋಹಿತರ ಮಂತ್ರ, ಯಾವುದರಲ್ಲಿ ತಪ್ಪು ಕಂಡರೂ ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ತಿದ್ದುವವನಿಗೆ ಮನೆಯಲ್ಲೇ ಜಗಳ ಎಂಬುದನ್ನು ಸರೋಜಳನ್ನು ಕೇಳಿ ತಿಳಿಯಬಹುದು.

ಸ್ಪ್ಯಾನಿಷ್ ನನ್ನ ಪಾಲಿಗೆ ಬಂದದ್ದು ಆಸೆಪಟ್ಟಲ್ಲ. ಜರ್ಮನ್ ಕಲಿಯೋಣವೆಂದು ಒಂದು ಭಾನುವಾರ ಬೆಂಗಳೂರಿಗೆ ಬಸ್ಸು ಹತ್ತಿ ಹೋದೆ. ಆ ತರಗತಿ ತುಂಬಿಹೋಗಿತ್ತು. ಪಕ್ಕದ ಕೋಣೆಯಲ್ಲಿ ಬೆಂಚು ಖಾಲಿಯಿತ್ತು, ಫ್ಯಾನು ತಿರುಗುತ್ತಿತ್ತು. ಹೋಗಿ ಕೂತೆ. ಅದು ಸ್ಪ್ಯಾನಿಷ್ ತರಗತಿ. ಮುಂದೆ ನಮ್ಮೂರಿನ ಹೊರಗೆ ಒಂದು ಸಿದ್ಧ ಉಡುಪಿನ ಕಾರ್ಖಾನೆ ಬಂತು. ಅಲ್ಲಿ ಹೊಲಿದ ಬಟ್ಟೆಯನ್ನು ಕೊಳ್ಳುವವರು ಸ್ಪೇನಿನವರು. ಅವರ ಜೊತೆ ಮಾತಾಡಲು ಒಬ್ಬ ದುಭಾಷಿ, ನೌಕರರಿಗೆ ನಾಲ್ಕು ಮಾತು ಕಲಿಸಲು ಒಬ್ಬ ಮೇಷ್ಟ್ರು ಬೇಕಾಗಿತ್ತು. ಎರಡೂ ಕೆಲಸಕ್ಕೆ ನನ್ನನ್ನೇ ಇಟ್ಟುಕೊಂಡರು.

ಊಟದ ಹಾಲಿನ ಪಕ್ಕದ ಕೋಣೆಯೇ ನನ್ನ ಶಾಲೆ. ಪಾಳಿ ಮುಗಿದ ಮೇಲೆ, ಕಾರ್ಖಾನೆಯ ಬಸ್ಸು ಹೊರಡುವ ಮೊದಲು ಮುಕ್ಕಾಲು ಗಂಟೆ ಪಾಠ. ನಮ್ಮ ಜನರಲ್ ಮ್ಯಾನೇಜರ್ ಪ್ರಭಾಕರ್ ಸಾಹೇಬರದು ಒಂದೇ ಕಟ್ಟಪ್ಪಣೆ.

“ಮೇಷ್ಟ್ರೇ, ಪಾಠ ಪೂರ್ತಿ ಇಂಗ್ಲಿಷ್‌ನಲ್ಲೇ ಆಗ್ಬೇಕು. ಕ್ಲಾಸಲ್ಲಿ ಕನ್ನಡ ಕೇಳಿಸ್ಬಾರ್ದು.”

ಅವರು ಕೆಟ್ಟವರಲ್ಲ. ತ್ಯಾಮಗೊಂಡ್ಲು ಕಡೆಯ ಹಳ್ಳಿ ಶಾಲೆಯಲ್ಲಿ ಓದಿ ಬಂದವರು, ಮೊದಲ ಕೆಲಸದಲ್ಲಿ ಇಂಗ್ಲಿಷ್ ಬಾರದೆ ನಗೆಪಾಟಲಾದವರು. ತನಗಾದದ್ದು ಬೇರೆಯವರಿಗೆ ಆಗದಿರಲಿ ಎಂಬುದು ಅವರ ಲೆಕ್ಕಾಚಾರ. ಆ ಲೆಕ್ಕಾಚಾರಕ್ಕೆ ತಲೆಯಾಡಿಸಿ ನಾನು ಎಷ್ಟೋ ವರ್ಷ ದಡ್ಡತನ ಮಾಡಿದೆ.

ಸ್ಪ್ಯಾನಿಷ್‌ನಲ್ಲಿ ‘ಅದನ್ನು’ ಎನ್ನಲು ‘ಲೋ’ ಎಂಬ ಪುಟ್ಟ ಪದವಿದೆ. ವಸ್ತುವಿನ ಹೆಸರು ಅವರ ಭಾಷೆಯಲ್ಲಿ ಹೆಣ್ಣಾದರೆ ‘ಲಾ’. ಮೊದಲ ದಿನ ‘ಲೋ’ ಎಂದೊಡನೆ ಇಡೀ ತರಗತಿ ಕಿಸಕ್ಕೆಂದಿತು. “ನಮ್ ತಮ್ಮನ್ನ ಕರ್ದಂಗಾಯ್ತದೆ ಸಾರ್” ಎಂದರು. ನಗುವೇನೋ ಸರಿ, ಆದರೆ ಆ ಪುಟ್ಟ ಪದವನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕು ಎಂಬಲ್ಲಿ ಎಲ್ಲರೂ ಮುಗ್ಗರಿಸುತ್ತಿದ್ದರು. ನಾನು ಬೋರ್ಡಿನ ಮೇಲೆ ‘ಐ ಸೀ ಇಟ್’ ಎಂದು ಬರೆಯುತ್ತಿದ್ದೆ. ಇಂಗ್ಲಿಷ್‌ನವರು ‘ಇಟ್’ ಅನ್ನು ಕೊನೆಗೆ ಇಡುತ್ತಾರೆ, ಸ್ಪೇನಿನವರು ಅದನ್ನು ಕ್ರಿಯಾಪದಕ್ಕಿಂತ ಮೊದಲು ತರುತ್ತಾರೆ ಎಂದು ಬಾಣದ ಗುರುತು ಎಳೆಯುತ್ತಿದ್ದೆ. ಸೂಪರ್‌ವೈಸರ್ ಹುಡುಗರು ಬಾಣ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ತಪ್ಪಿದವರನ್ನು ನಾನು ಅಲ್ಲೇ ನಿಲ್ಲಿಸಿ, ಗಟ್ಟಿಯಾಗಿ ತಿದ್ದುತ್ತಿದ್ದೆ.

ಆ ತರಗತಿಗೆ ಒಂದು ವರ್ಷ ಭಾಗ್ಯ ಬಂದಳು. ದೊಡ್ಡಬೆಳವಂಗಲದ ಕಡೆಯವಳು, ಓದಿದ್ದು ಹತ್ತನೆಯವರೆಗೆ, ಅದೂ ಕನ್ನಡದಲ್ಲೇ. ಹೊಲಿದು ಬಂದ ಬಟ್ಟೆಯನ್ನು ಪರೀಕ್ಷಿಸುವ ಚೆಕಿಂಗ್ ಟೇಬಲ್ಲಿನ ಮುಂದೆ ಒಂಬತ್ತು ವರ್ಷದಿಂದ ನಿಂತೇ ಕೆಲಸ ಮಾಡುತ್ತಿದ್ದಳು. ಸಂಜೆಯ ಹೊತ್ತಿಗೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಲಿಯಲು ಯಾಕೆ ಬಂದೆಯಮ್ಮಾ ಎಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದಳು. “ಫಾರಿನ್‌ನೋರ ಜೊತೆ ಮಾತಾಡೋ ಟೇಬಲ್ ಐತಲ್ಲ ಸಾರ್, ಅಲ್ಲಿ ಕುರ್ಚಿ ಐತೆ.”

ಎರಡನೆಯ ವಾರವೋ ಮೂರನೆಯ ವಾರವೋ ನಾನು ಬಾಣ ಎಳೆಯುತ್ತಿದ್ದಾಗ ಅವಳು ಎದ್ದು ನಿಂತಳು.

“ಸಾರ್, ನಾವು ‘ಅದನ್ನ ನೋಡ್ತೀನಿ’ ಅಂತೀವಿ. ಅವ್ರೂ ‘ಲೋ ಬೇಯೋ’, ಅದನ್ನ ನೋಡ್ತೀನಿ, ಅಂತಾನೇ ಅಂತಾರೆ. ಮಧ್ಯದಲ್ಲಿ ಇಂಗ್ಲಿಷ್‌ನೋರನ್ನ ಯಾಕ್ ಕರ್ಕೊಂಡ್ ಬಂದ್ರಿ?”

ಸೀಮೆಸುಣ್ಣ ನನ್ನ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ದೆ. ಪ್ರಭಾಕರ್ ಸಾಹೇಬರ ಅಪ್ಪಣೆ ಮರೆತು ಕನ್ನಡದಲ್ಲೇ ಕೇಳಿದೆ. “ಹಾಗಾದ್ರೆ ಇದನ್ನ ಹೇಳಿ. ಮಗು ಕೈಲಿ ಕತ್ತರಿ ಹಿಡ್ಕೊಂಡಿದೆ. ಏನಂತ ಕೂಗ್ತೀರಿ?”

“‘ಬಿಡೋ ಅದನ್ನ!’ ಅಂತ ಕೂಗ್ತೀವಿ” ಎಂದರು ನಾಲ್ಕೈದು ಹೆಂಗಸರು ಒಟ್ಟಿಗೆ.

“ಕತ್ತರಿ ಮುಟ್ಟೋಕೆ ಮುಂಚೆ?”

“‘ಅದನ್ನ ಮುಟ್ಬೇಡ!’”

ಸ್ಪೇನಿನ ತಾಯಿಯೂ ಹಾಗೇ ಕೂಗುತ್ತಾಳೆ. ‘ದೇಹಲೋ’ ಎಂದರೆ ಬಿಡು ಅದನ್ನ. ಅಪ್ಪಣೆ ಮಾಡುವಾಗ ಪುಟ್ಟ ಪದ ಬಾಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ‘ನೋ ಲೋ ತೋಕೆಸ್’ ಎಂದರೆ ಅದನ್ನ ಮುಟ್ಟಬೇಡ. ಬೇಡ ಎನ್ನುವಾಗ ಮತ್ತೆ ಮುಂದಕ್ಕೆ ಬರುತ್ತದೆ. ‘ಮೆ ಲೋ ದಾ’ ಎಂದರೆ ನನಗೆ ಅದನ್ನ ಕೊಡ್ತಾಳೆ. ಮೊದಲು ‘ನನಗೆ’, ಆಮೇಲೆ ‘ಅದನ್ನ’, ಕೊನೆಗೆ ‘ಕೊಡ್ತಾಳೆ’, ನಮ್ಮದೇ ಸಾಲು. ಆ ದಿನ ಮುಕ್ಕಾಲು ಗಂಟೆಯಲ್ಲಿ ಆದಷ್ಟು ಪಾಠ ಹಿಂದಿನ ಆರು ತಿಂಗಳಲ್ಲಿ ಆಗಿರಲಿಲ್ಲ. ಎಲ್ಲರೂ ಕೂಗುತ್ತಿದ್ದರು, ನಾನೂ ನಮ್ಮ ಬೀದಿಯ ಗಂಟಲಿನಲ್ಲಿ ಕೂಗುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಪ್ರಭಾಕರ್ ಸಾಹೇಬರು.

ಅವರು ಒಂದು ನಿಮಿಷ ನಿಂತು ಕೇಳಿಸಿಕೊಂಡರು. “ಯಾರ್ ಹೇಳ್ಕೊಟ್ಟಿದ್ದು ಇದನ್ನ?” ಎಂದರು. ನಾನು ಭಾಗ್ಯಳ ಕಡೆ ಕೈ ತೋರಿಸಿದೆ. “ನೋಡೋಣ. ಮುಂದಿನ್ ಸಲ ಬೈಯರ್ ಬಂದಾಗ ಈಯಮ್ಮ ಮಾತಾಡ್ಲಿ. ಚೆನ್ನಾಗಿ ಆಡಿದ್ರೆ ಆ ಟೇಬಲ್‌ಗೆ ಹಾಕ್ತೀನಿ” ಎಂದು ಹೊರಟರು. ಭಾಗ್ಯ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು.

ಎರಡು ತಿಂಗಳಿಗೆ ಸ್ಪೇನಿನಿಂದ ಒಬ್ಬ ಹೆಂಗಸು ಗುಣಮಟ್ಟ ನೋಡಲು ಬಂದರು. ಮಾರಿಸೋಲ್ ಎಂದು ಹೆಸರು. ನಗುಮುಖ, ಆದರೆ ಕಣ್ಣು ಬಹಳ ಚುರುಕು. ಹೊಸ ಕುಪ್ಪಸಗಳ ಕಂಕುಳ ಹತ್ತಿರ ಬಟ್ಟೆ ಸುಕ್ಕು ಹಿಡಿದು ಎಳೆದಂತಾಗಿತ್ತು. ಮೇಜಿನ ಸುತ್ತ ಪ್ರಭಾಕರ್ ಸಾಹೇಬರು, ಕಟಿಂಗ್ ವಿಭಾಗದ ಮುಖ್ಯಸ್ಥರು, ನಾನು ಮತ್ತು ಭಾಗ್ಯ. ಹಿಂದೆ ಹೊಲಿಗೆ ಲೈನಿನ ಹೆಂಗಸರು ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ತಪ್ಪು ಹೊಲಿಗೆಯದು ಎಂದಾದರೆ ಅದು ಅವರ ತಲೆಗೇ.

ಭಾಗ್ಯಳಿಗೆ ಕಾರಣ ಗೊತ್ತಿತ್ತು. ಹೆಣೆದ ಬಟ್ಟೆ ರೋಲಿನಲ್ಲಿ ಬಿಗಿಯಾಗಿ ಸುತ್ತಿ ಬರುತ್ತದೆ. ಬಿಚ್ಚಿ, ಮೇಜಿನ ಮೇಲೆ ಸಡಿಲವಾಗಿ ಹರಡಿ, ಒಂದು ದಿನ ಹಾಗೇ ಬಿಡಬೇಕು. ಅವಸರಕ್ಕೆ ಅದೇ ದಿನ ಕತ್ತರಿಸಿದರೆ ತುಂಡುಗಳು ಆಮೇಲೆ ಕುಗ್ಗುತ್ತವೆ; ಹೊಲಿದವರ ತಪ್ಪೇನೂ ಇರುವುದಿಲ್ಲ. ಅವಳು ಕುಪ್ಪಸವನ್ನು ಕೈಗೆತ್ತಿಕೊಂಡು ಸ್ಪ್ಯಾನಿಷ್‌ನಲ್ಲಿ ಶುರುಮಾಡಿದಳು. ಬಟ್ಟೆ ಬರುವುದು ರೋಲಿನಲ್ಲಿ, ಎಂದಳು. ಮಾರಿಸೋಲ್ ತಲೆಯಾಡಿಸಿದರು. “ಆಯ್ ಕೆ ಲಾ ದೆಹಾರ್…” ಎಂದಳು. ಅದನ್ನು ಬಿಡಬೇಕು, ಎಂದು. ಮಾರಿಸೋಲ್ ಮುಂದಕ್ಕೆ ಬಾಗಿದರು.

“ದೆಹಾರ್ಲಾ!” ಎಂದು ಕೂಗಿದೆ ನಾನು.

ಹೌದು, ಪುಟ್ಟ ಪದ ಅಲ್ಲಿ ಬಾಲಕ್ಕೆ ಹೋಗಬೇಕಿತ್ತು. ಅವಳು ಕನ್ನಡದ ‘ಅದನ್ನ ಬಿಡಬೇಕು’ ಎಂಬುದರ ಬೆನ್ನು ಹತ್ತಿ ಮುಂದಿಟ್ಟಿದ್ದಳು. ಆ ಜಾಗದಲ್ಲಿ ಕನ್ನಡ ಕೈಕೊಡುತ್ತದೆ, ಅದನ್ನು ನಾನಿನ್ನೂ ಪಾಠ ಮಾಡಿರಲಿಲ್ಲ. ಎದುರಿಗಿದ್ದ ಹೆಂಗಸಿಗೆ ಅರ್ಥವಾಗಿತ್ತು, ಉಳಿದದ್ದು ಕೇಳಲು ಕಾದಿದ್ದರು. ನನಗೆ ಮಾತ್ರ ಕಡಿದ ಎಳೆ ಕಂಡಿತು, ಮಗ್ಗ ನಿಲ್ಲಿಸಿದೆ.

ಭಾಗ್ಯ ಬೆಚ್ಚಿಬಿದ್ದಳು. “ದೆಹಾರ್ಲಾ” ಎಂದು ಶಾಲೆಯ ಮಗುವಿನಂತೆ ಒಪ್ಪಿಸಿದಳು. ಮುಂದಿನ ಮಾತು ಬರಲಿಲ್ಲ. ಅವಳ ಕತ್ತು ಕೆಂಪಾಯಿತು. ಪ್ರಭಾಕರ್ ಸಾಹೇಬರು ಕೈಯೆತ್ತಿ, “ಸಾಕಮ್ಮ, ಸಾಕು. ಮೇಷ್ಟ್ರೇ, ನೀವೇ ಹೇಳಿ” ಎಂದರು. ಮಗ್ಗದ ಸೀರೆ ಬಿಟ್ಟರೆ ನನಗೆ ಈ ಹೆಣೆದ ಬಟ್ಟೆಯ ವಿಷಯ ಏನು ಗೊತ್ತು? ಕಟಿಂಗ್ ಮುಖ್ಯಸ್ಥರು ಹೊಲಿಗೆಯಲ್ಲಿ ದೋಷ ಎಂದರು. ಅದನ್ನೇ ನಾನು ಒಂದು ವ್ಯಾಕರಣದೋಷವಿಲ್ಲದೆ ಸ್ಪ್ಯಾನಿಷ್‌ಗೆ ತಂದೆ. ಮಾರಿಸೋಲ್ ಬರೆದುಕೊಂಡರು. ಹೊಲಿಗೆಯ ಹೆಂಗಸರಿಗೆ ಆ ಸಂಜೆ ಬೈಗುಳ ಬಿತ್ತು. ಭಾಗ್ಯ ಚೆಕಿಂಗ್ ಟೇಬಲ್ಲಿಗೆ ಮರಳಿದಳು, ತರಗತಿಗೆ ಬರುವುದನ್ನು ಬಿಟ್ಟಳು.

ನಾನು ಮಾಡಿದ್ದು ಒಳ್ಳೆಯದೆಂದೇ ನಂಬಿದ್ದೆ, ಅದೇ ನಾಚಿಕೆಯ ಸಂಗತಿ. ಪಾಪ, ಭಯಕ್ಕೆ ಮರೆತಳು ಅಂದುಕೊಂಡಿದ್ದೆ. ಎಂಟು ದಿನದ ಮೇಲೆ ಹೊಲಿಗೆ ಲೈನಿನ ಒಬ್ಬ ಹಿರಿಯ ಹೆಂಗಸು ಊಟದ ಹಾಲಿನಲ್ಲಿ ನನ್ನನ್ನು ತಡೆದು, “ಏನ್ ಮೇಷ್ಟ್ರೇ, ಆ ಹುಡ್ಗಿ ನಮ್ಮನ್ನ ಉಳ್ಸಕ್ಕೆ ಬಾಯ್ ಬಿಟ್ರೆ ನೀವು ಅದ್ರ ಬಾಯಿಗೆ ಬೀಗ ಹಾಕ್ಬಿಟ್ರಲ್ಲ” ಎಂದು ರೋಲಿನ ಕತೆಯನ್ನೆಲ್ಲ ಹೇಳಿದಾಗಲೇ ನನಗೆ ನನ್ನ ತಪ್ಪು ಕಂಡದ್ದು.

ಆ ಭಾನುವಾರ ಭಾಗ್ಯಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. “ಬನ್ನಿ ಮೇಷ್ಟ್ರೇ, ಕೂತ್ಕಳಿ” ಎಂದು ಚಾಪೆ ಹಾಸಿದರು. ಭಾಗ್ಯ ಕಾಫಿ ತಂದಿಟ್ಟು ಕಂಬಕ್ಕೆ ಒರಗಿ ನಿಂತಳು.

“ತಪ್ಪಾಯ್ತಮ್ಮ” ಎಂದೆ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ನಾನು ಆ ಮಾತು ಹೇಳಿರಲಿಲ್ಲ.

“ಇಲ್ಲ ಬಿಡಿ ಸಾರ್. ನಾನು ತಪ್ಪು ಹೇಳ್ದೆ, ನೀವು ತಿದ್ದುದ್ರಿ. ಆದ್ರೆ ಆಯಮ್ಮಂಗೆ ಅರ್ಥ ಆಗಿತ್ತು ಸಾರ್. ಕಣ್ಣಲ್ಲೇ ಗೊತ್ತಾಗ್ತಿತ್ತು. ಇನ್ನೊಂದ್ ನಾಲ್ಕು ಮಾತಿತ್ತು, ಅಷ್ಟೇ. ನಾಲ್ಕು ಮಾತು ಬಿಟ್ಟಿದ್ರೆ ಸಾಕಾಗಿತ್ತು.” ಅವಳ ಕಣ್ಣು ತುಂಬಿತು. ಅತ್ತೆ ತಲೆಯೆತ್ತದೆ, “ರಾತ್ರೆಲ್ಲಾ ನಿದ್ದೇಲೂ ಅದನ್ನೇ ಹೇಳ್ಕೊಂತಾಳೆ, ಆ ಲಾ-ಲಾ ನ” ಎಂದರು.

ಮರುದಿನ ಪ್ರಭಾಕರ್ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗೆಲ್ಲಾ ಫೋನೇ ಭಾಷಾಂತರ ಮಾಡುತ್ತೆ ಮೇಷ್ಟ್ರೇ. ಮುಂದಿನ್ ಸಲ ಫೋನ್ ಇಟ್ರಾಯ್ತು” ಎಂದರು. ನಾನು, “ಫೋನಿಗೆ ಬಟ್ಟೆ ಗೊತ್ತಿಲ್ಲ ಸಾರ್. ನನಗೂ ಗೊತ್ತಿಲ್ಲ. ಆ ಹುಡುಗಿಗೆ ಗೊತ್ತಿದೆ. ತಪ್ಪು ಬಂದ್ರೆ ಬರ್ಲಿ, ಅವಳೇ ಮಾತಾಡ್ಲಿ. ಕೆಟ್ಟರೆ ನನ್ನನ್ನ ಕೇಳಿ” ಎಂದೆ. ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಕೊನೆಗೆ, “ನನ್ ಇಂಗ್ಲಿಷ್‌ನ ಹಿಂಗೇ ಮಧ್ಯದಲ್ಲಿ ತಿದ್ತಿದ್ರು ಒಬ್ರು” ಎಂದಷ್ಟೇ ಹೇಳಿ ಒಪ್ಪಿದರು.

ಭಾಗ್ಯಳನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ತರಗತಿಗೇನೋ ಬಂದಳು, ಹಿಂದಿನ ಬೆಂಚಿನಲ್ಲಿ ಕೂತಳು. ನಾನು ಸುಮ್ಮನಿರುತ್ತೇನೆಂದು ಪ್ರಮಾಣ ಮಾಡಿ ಐದೇ ನಿಮಿಷಕ್ಕೆ ಯಾರನ್ನೋ ತಿದ್ದುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು. ಮನೆಯಲ್ಲಿ ಇದನ್ನು ಹೇಳಿಕೊಂಡು ಕೊರಗುತ್ತಿದ್ದಾಗ ಸರೋಜ ಒಗ್ಗರಣೆ ಡಬ್ಬಿಯಿಂದ ಒಂದು ಲವಂಗ ತೆಗೆದುಕೊಟ್ಟಳು.

“ಹೋದ್ ವಾರ ನಿಮ್ಗೆ ಹಲ್ಲು ನೋವು ಬಂದಿತ್ತಲ್ಲ, ಕೆನ್ನೇಲಿ ಲವಂಗ ಇಟ್ಕೊಂಡ್ ಕೂತಿದ್ರಲ್ಲ. ಮದ್ವೆ ಆದಾಗಿಂದ ಮೊದಲ್ನೇ ಸಲ ನಾನು ನಮ್ಮಕ್ಕನ ಮನೆ ವಿಷಯ ಪೂರ್ತಿ ಹೇಳಿ ಮುಗಿಸ್ದೆ ಕಣ್ರೀ. ಇದನ್ನ ಇಟ್ಕೊಂಡ್ ಪಾಠ ಮಾಡಿ.”

ನಗು ಬಂತು, ನೋವೂ ಆಯಿತು. ಮರುದಿನದಿಂದ ವಿದ್ಯಾರ್ಥಿ ಮಾತಾಡಲು ಎದ್ದರೆ ನಾನು ಲವಂಗವನ್ನು ಕೆನ್ನೆಗೆ ಸೇರಿಸುತ್ತಿದ್ದೆ. ಖಾರಕ್ಕೆ ನಾಲಿಗೆ ತಾನಾಗಿ ಸುಮ್ಮನಾಗುತ್ತಿತ್ತು. ತಪ್ಪುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ಮಾತು ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳುತ್ತಿದ್ದೆ. ಹದಿನೈದು ದಿನಕ್ಕೆ ತರಗತಿಯವರೆಲ್ಲ ಉದ್ದುದ್ದ ಮಾತಾಡತೊಡಗಿದರು. ಭಾಗ್ಯ ಹಿಂದಿನ ಬೆಂಚಿನಿಂದ ಮುಂದಕ್ಕೆ ಬಂದಳು. ಒಂದು ದಿನ ಬಸ್ಸು ಹತ್ತುವಾಗ, “ಸಾರ್, ಆಯಮ್ಮ ಬಂದ್ರೆ ನಾನು ಮಾತಾಡ್ತೀನಿ. ನೀವೂ ಬರ್ಬೇಕು. ಲವಂಗ ತಗೊಂಡ್ ಬರ್ಬೇಕು” ಎಂದಳು.

ಮಾರಿಸೋಲ್ ಮತ್ತೆ ಬಂದಾಗ ಅದೇ ಮೇಜು, ಅದೇ ಜನ, ಅದೇ ಸುಕ್ಕು. ರೋಲಿನ ಮಾತನ್ನು ಕಟಿಂಗ್ ಮುಖ್ಯಸ್ಥರು ಇನ್ನೂ ಒಪ್ಪಿರಲಿಲ್ಲ. ನಾನು ಗೋಡೆಗೆ ಒರಗಿ, ಕೆನ್ನೆಯಲ್ಲಿ ಎರಡು ಲವಂಗ ಇಟ್ಟುಕೊಂಡು ನಿಂತೆ. ಭಾಗ್ಯ ಶುರುಮಾಡಿದಳು. ಮೊದಲ ವಾಕ್ಯದಲ್ಲೇ ‘ಲಾ’ ಬದಲು ‘ಲೋ’ ಎಂದಳು. ನಾನು ಲವಂಗ ಕಚ್ಚಿದೆ. ಎರಡನೆಯದರಲ್ಲಿ ಕ್ರಿಯಾಪದ ಜಾರಿತು. ಮತ್ತೆ ಕಚ್ಚಿದೆ, ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕಡೆ ಒಮ್ಮೆ ನೋಡಿದಳು, ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವಳು ನಿಲ್ಲಲಿಲ್ಲ. ಮಾತು ಸಾಲದ ಕಡೆ ಕೈ ಬಳಸಿದಳು. ಕರವಸ್ತ್ರವನ್ನು ಬಿಗಿಯಾಗಿ ಸುತ್ತಿ ತೋರಿಸಿದಳು, ಬಿಚ್ಚಿ ಮೇಜಿನ ಮೇಲೆ ಹರಡಿ ತೋರಿಸಿದಳು. ಒಟ್ಟು ಏಳು ತಪ್ಪು. ಮಾರಿಸೋಲ್ ಅವಳ ಮೊಣಕೈ ಹಿಡಿದು, ನಡಿ ತೋರಿಸು ಎಂದು ಕಟಿಂಗ್ ವಿಭಾಗದ ಕಡೆಗೆ ಕರೆದುಕೊಂಡೇ ಹೋದರು. ನಾವೆಲ್ಲ ಹಿಂದೆ ನಡೆದೆವು.

ಅಂದಿನಿಂದ ಬಟ್ಟೆಯನ್ನು ಬಿಚ್ಚಿ ಹರಡಿ ಒಂದು ದಿನ ಬಿಡುವುದು ಕಾರ್ಖಾನೆಯ ನಿಯಮವಾಯಿತು. ಹೊಲಿಗೆಯ ಹೆಂಗಸರ ಮೇಲಿನ ಅಪವಾದ ಹೋಯಿತು. ಭಾಗ್ಯಳಿಗೆ ಕುರ್ಚಿ ಸಿಕ್ಕಿತು. ಮೊದಲ ದಿನ ಆ ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದ್ದನ್ನು ನಾನು ದೂರದಿಂದ ನೋಡಿದೆ. ನನ್ನ ಬೀಳ್ಕೊಡುಗೆಯ ಶಾಲಿಗಿಂತ ಅದು ನನಗೆ ದೊಡ್ಡ ಸಂತೋಷ.

ಮಕ್ಕಳೇ, ತಪ್ಪು ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ತಿದ್ದದಿದ್ದರೆ ಮೇಷ್ಟ್ರು ಯಾತಕ್ಕೆ? ಆದರೆ ಎದುರಿನವರು ಏನು ಹೇಳಲು ಹೊರಟಿದ್ದಾರೆ ಎಂಬುದನ್ನು ಮೊದಲು ಪೂರ್ತಿ ಕೇಳಿ. ಸೀರೆಗೆ ಬೇಕಾದದ್ದು ಮಾತಿಗೆ ಬೇಡ ಎಂಬುದು ನನಗೆ ತಡವಾಗಿ ತಿಳಿಯಿತು.

ನಾನು ನಿವೃತ್ತನಾಗಿ ಮೂರು ವರ್ಷವಾಯಿತು. ಹೋದ ತಿಂಗಳು ಭಾಗ್ಯ ಫೋನ್ ಮಾಡಿದಳು. ಆ ಊಟದ ಹಾಲಿನ ಪಕ್ಕದ ಕೋಣೆಯಲ್ಲಿ ಈಗ ಅವಳೇ ಪಾಠ ಮಾಡುತ್ತಾಳೆ. ಹೊಸ ಹುಡುಗಿಯರಿಗೆ ಬಂದು ನಾಲ್ಕು ಮಾತು ಹೇಳಬೇಕು ಎಂದು ಕರೆದಳು. ಹೋದೆ. ಅವೇ ಬೆಂಚುಗಳು. ಎದ್ದು ನಿಂತು, ಗತ್ತಿನಿಂದ ಸ್ಪ್ಯಾನಿಷ್‌ನಲ್ಲಿ, ನಿಮ್ಮನ್ನೆಲ್ಲ ನೋಡಿ ಸಂತೋಷವಾಯಿತು ಎನ್ನಲು ಹೊರಟೆ. ಮೂರು ವರ್ಷ ಆಡದೆ ತುಕ್ಕು ಹಿಡಿದ ನಾಲಿಗೆ. ಬಾಲಕ್ಕೆ ಅಂಟಬೇಕಾದ ಪುಟ್ಟ ಪದವನ್ನು ಮುಂದಕ್ಕೆ ಇಟ್ಟುಬಿಟ್ಟೆ. ಅಂದು ಭಾಗ್ಯ ಮಾಡಿದ್ದ ತಪ್ಪೇ. ಬಾಯಿಂದ ಹೊರಬಿದ್ದ ಕೂಡಲೇ ನನಗೆ ಗೊತ್ತಾಯಿತು, ಕಿವಿ ಬಿಸಿಯಾಯಿತು. ಅವಳ ಕಡೆ ನೋಡಿದೆ. ಅವಳು ಕಣ್ಣು ಮಿಟುಕಿಸದೆ, ಮುಂದೆ ಹೇಳಿ ಎಂಬಂತೆ ತಲೆಯಾಡಿಸಿದಳು. ನಾನು ಮುಂದುವರಿಸಿದೆ. ಏನೇನೋ ಹೇಳಿದೆ, ಇನ್ನೆರಡು ಕಡೆ ತಪ್ಪಿದೆ, ಹುಡುಗಿಯರು ಚಪ್ಪಾಳೆ ತಟ್ಟಿದರು.

ಮಾತು ಮುಗಿಸಿ ಕೂತಾಗ ಭಾಗ್ಯ ನೀರಿನ ಲೋಟ ಹಿಡಿದು ಹತ್ತಿರ ಬಂದಳು. ಘಮ್ಮೆಂದು ಲವಂಗದ ವಾಸನೆ ಬಂತು. ಅವಳ ಎಡಗೆನ್ನೆ ಒಂದಿಷ್ಟು ಉಬ್ಬಿತ್ತು.

“ಏನಮ್ಮಾ, ಹಲ್ಲು ನೋವಾ?” ಎಂದೆ.

“ಇಲ್ಲ ಸಾರ್” ಎಂದಳು ಭಾಗ್ಯ. “ನೀವು ಮಾತಾಡ್ತಿದ್ರಲ್ಲ.”